ಬಾಡಿಗೆಯ ಮನೆಯಲ್ಲಿ ಉಳಿದ ಹೊಗೆ

ಹಳೆಯ ಬಾಡಿಗೆದಾರರು ಮನೆ ಖಾಲಿ ಮಾಡಿಕೊಂಡು ಹೋಗಿದ್ದಾರೆ. ಮನೆಯ ಯಜಮಾನರು ಗೋಡೆಗಳಿಗೆ ಸುಣ್ಣವನ್ನೋ ಬಣ್ಣವನ್ನೋ ಹೊಡೆಸಿದ್ದಾರೆ. ಅದರ ಖರ್ಚನ್ನು ಹೋದವರ ಮುಂಗಡದಲ್ಲಿ ಮುರಿದುಕೊಂಡದ್ದೂ ಆಗಿದೆ. ಗೇಟಿಗೆ ಕಟ್ಟಿದ್ದ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಕಂಡು ಬಂದ ಹೊಸ ಸಂಸಾರವೊಂದು ಒಳ್ಳೆಯ ದಿನ ನೋಡಿ, ಹಾಲುಕ್ಕಿಸಿ, ಒಳಹೊಕ್ಕಿದೆ. ಬೇಸಗೆ ಇರುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಮಳೆ ಹಿಡಿದು ಕಿಟಕಿಗಳನ್ನು ಮುಚ್ಚಿಕೊಂಡು ಕುಳಿತ ಮೇಲೆ ನಡುಮನೆಯಲ್ಲಿ ಏನೋ ಒಂದು ಮುಗ್ಗಲು ವಾಸನೆ. ಮೊದಲು ಅದನ್ನು ಒದ್ದೆ ಬಟ್ಟೆಯದೆಂದುಕೊಂಡರು, ಆಮೇಲೆ ಮೋರಿಯದೆಂದುಕೊಂಡರು. ನೆಂಟರೊಬ್ಬರು ಬಂದು ಮೂಗರಳಿಸಿ, ‘ನಿಮ್ಮ ಮನೆಯಲ್ಲಿ ಸಿಗರೇಟು ಸೇದುವವರು ಯಾರು?’ ಎಂದು ಕೇಳಿದರು. ಆ ಮನೆಯಲ್ಲಿ ಸಿಗರೇಟು ಮುಟ್ಟಿದವರು ಯಾರೂ ಇಲ್ಲ.

ಬಾಡಿಗೆ ಮನೆಗಳಲ್ಲಿ ವಾಸಮಾಡಿದ ಎಷ್ಟೋ ಮಂದಿಗೆ ಇಂತಹ ಅನುಭವ ಆಗಿರುವುದುಂಟು. ಸೇದಿದವನು ಊರು ಬಿಟ್ಟು ಹೋಗಿ ತಿಂಗಳುಗಳಾದರೂ ಅವನ ಹೊಗೆ ಮನೆಯಲ್ಲಿ ಉಳಿದಿರುವುದೆಂದರೆ ಏನರ್ಥ? ಅದು ಕೇವಲ ವಾಸನೆಯೆ, ಅಥವಾ ವಾಸನೆಯೊಡನೆ ಬೇರೇನಾದರೂ ಇದೆಯೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿ ಕೈಗೆತ್ತಿಕೊಂಡು ಹೆಚ್ಚು ಕಾಲವಾಗಿಲ್ಲ. ಅವರು ಕಂಡುಕೊಂಡುದನ್ನು ಇಲ್ಲಿ ನಾವು ಸ್ವಲ್ಪ ವಿವರವಾಗಿ ನೋಡೋಣ.

ಹೊಗೆ ಮನೆಗೆ ಅಂಟುವುದೆಂಬುದು ನಮ್ಮವರಿಗೆ ಹೊಸ ಸಂಗತಿಯೇನೂ ಅಲ್ಲ. ಸೌದೆಯ ಒಲೆಯಿದ್ದ ಹಳೆಯ ಅಡಿಗೆಮನೆಗಳ ಜಂತೆಗಳನ್ನು ನೋಡಿದವರಿಗೆ ಅದು ಗೊತ್ತು. ಒಲೆ ಆರಿ ಎಷ್ಟು ವರ್ಷಗಳಾದರೂ ಆ ಕಪ್ಪು ಹೊಳಪು ಹೋಗುವುದಿಲ್ಲ. ಬೆರಳಿಟ್ಟರೆ ಕೈಗೆ ಹತ್ತುವುದು. ಸಿಗರೇಟಿನ ಹೊಗೆ ಅಷ್ಟು ಕಪ್ಪಲ್ಲವಾದುದರಿಂದ ಅದು ಅಂಟಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ವ್ಯತ್ಯಾಸ ಇಷ್ಟೇ.

ಹೊಗೆ ಎಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಸಿಗರೇಟಿನ ಕೆಂಡದ ತುದಿ, ದಮ್ಮೆಳೆಯುವ ಕ್ಷಣದಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯುವುದು. ಆ ಕಾವಿನಲ್ಲಿ ಎಲೆ ಪೂರ್ತಿಯಾಗಿ ಉರಿಯುವುದಿಲ್ಲ. ಅರೆಬೆಂದು, ಒಡೆದು, ಏಳು ಸಾವಿರಕ್ಕೂ ಮಿಕ್ಕಿದ ರಾಸಾಯನಿಕ ವಸ್ತುಗಳಾಗಿ ಹೊರಬೀಳುವುದು. ಇವುಗಳಲ್ಲಿ ಸುಮಾರು ಎಪ್ಪತ್ತು ವಸ್ತುಗಳು ಕ್ಯಾನ್ಸರ್ ಉಂಟುಮಾಡಬಲ್ಲವು. ಕೆಲವು ಅನಿಲಗಳು; ಕೆಲವು ಆವಿಗಳು; ಉಳಿದವು ತಣ್ಣಗಾಗುತ್ತಲೇ ಘನೀಭವಿಸಿ ಅತಿ ಸೂಕ್ಷ್ಮವಾದ ಜಿಡ್ಡಿನ ಹನಿಗಳಾಗುವುವು. ಈ ಹನಿಗಳ ಅಡ್ಡಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸೇದುವವನು ಸುಮ್ಮನೆ ಕೈಯಲ್ಲಿ ಹಿಡಿದಿರುವಾಗ ತುದಿಯಿಂದ ಏಳುವ ಹೊಗೆ ನೀಲಿಯಾಗಿಯೂ, ಅವನು ಬಾಯಿಂದ ಬಿಟ್ಟ ಹೊಗೆ ಬಿಳುಪಾಗಿಯೂ ಇರುವುದನ್ನು ನೀವು ಗಮನಿಸಿರಬಹುದು. ತುದಿಯ ಹೊಗೆಯ ಕಣಗಳು ತೀರ ಸಣ್ಣವು. ಆಕಾಶ ಯಾವ ಕಾರಣದಿಂದ ನೀಲಿಯೋ ಸುಮಾರಾಗಿ ಅದೇ ಕಾರಣದಿಂದ ಅವು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುವು. ಬಾಯಿಯೊಳಗೆ ಹೋಗಿಬಂದ ಹೊಗೆಯ ಕಣಗಳು ಅಲ್ಲಿನ ತೇವವನ್ನು ಹೀರಿ ದಪ್ಪವಾಗಿರುವುದರಿಂದ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಚದುರಿಸಿ ಬೆಳ್ಳಗೆ ಕಾಣುವುವು. ಕೋಣೆಯನ್ನು ತುಂಬುವ ಹೊಗೆಯಲ್ಲಿ ಬಹುಪಾಲು ಆ ನೀಲಿ ಹೊಗೆಯೇ. ಅಂದರೆ ಯಾರೂ ಸೇದದೆ ಸುಮ್ಮನೆ ಉರಿದುಹೋದುದು.

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನಮೀಟರು ಗಾಳಿ ಹಿಡಿಯುವುದು. ಒಂದು ಸಿಗರೇಟು ಸುಮಾರು ಹತ್ತು ಮಿಲಿಗ್ರಾಂ ಸೂಕ್ಷ್ಮಕಣಗಳನ್ನು ಈ ಗಾಳಿಗೆ ಬಿಡುವುದೆಂದು ಇಟ್ಟುಕೊಂಡರೆ, ಬಾಗಿಲು ಕಿಟಕಿ ಮುಚ್ಚಿದ್ದಾಗ ಘನಮೀಟರಿಗೆ ಮುನ್ನೂರೈವತ್ತು ಮೈಕ್ರೊಗ್ರಾಂ ಆಯಿತು. ಇಂತಹ ಕಣಗಳು ದಿನದ ಸರಾಸರಿಯಲ್ಲಿ 15 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ಸಿಗರೇಟಿನದು ಕೆಲವು ಹೊತ್ತಿನ ಲೆಕ್ಕ, ಸಂಸ್ಥೆಯದು ದಿನವಿಡೀ ಲೆಕ್ಕ. ಆದುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು, ನಿಜ. ಆದರೆ ಒಂದು ಸಣ್ಣ ಕೋಣೆಯಲ್ಲಿ ಒಂದು ಸಿಗರೇಟು ಎಷ್ಟರ ಕೆಲಸ ಮಾಡಬಲ್ಲುದೆಂಬುದು ಇದರಿಂದ ಗೊತ್ತಾಗುವುದು.

ಇನ್ನು, ಕಿಟಕಿ ತೆರೆದರೆ ಸಾಲದೆ? ಗಾಳಿಯಲ್ಲಿ ತೇಲುವ ಕಣಗಳ ಮಟ್ಟಿಗೆ ಕಿಟಕಿ ಬಹಳ ಉಪಕಾರ ಮಾಡುವುದು. ಒಂದೆರಡು ಗಂಟೆಯಲ್ಲಿ ಅವು ಬಹುಮಟ್ಟಿಗೆ ತೊಲಗುವುವು. ಆದರೆ ನಿಕೋಟಿನ್ನಿನ ಸ್ವಭಾವವೇ ಬೇರೆ. ಅದು ಎಣ್ಣೆಯಂತಹ ದ್ರವ. 247 ಡಿಗ್ರಿಯಲ್ಲಿ ಕುದಿಯುವಂಥದು. ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಅದಕ್ಕೆ ಆವಿಯಾಗಿ ಇರುವುದಕ್ಕಿಂತ ಯಾವುದಾದರೊಂದು ಮೈಗೆ ಅಂಟಿಕೊಂಡಿರುವುದೇ ಒಲವು. ಕಿಟಕಿಯ ದಾರಿ ಕಂಡುಕೊಳ್ಳುವ ಮೊದಲೇ ಅದರ ಬಹುಭಾಗ ಗೋಡೆ, ಪರದೆ, ಹಾಸಿಗೆ, ಮರದ ಸಾಮಾನು, ಪುಸ್ತಕ, ದೂಳು ಇವುಗಳನ್ನು ಸೇರಿಬಿಡುವುದು. ನುಣುಪೆಂದು ನಾವು ತಿಳಿದಿರುವ ಗೋಡೆಯಾದರೂ ನುಣುಪಲ್ಲ. ಗಾರೆಯೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳಿರುವುವು. ವರ್ಷಗಟ್ಟಲೆ ಸೇದಿದ ಮನೆಯಲ್ಲಿ ನಿಕೋಟಿನ್ ಈ ರಂಧ್ರಗಳ ಆಳಕ್ಕೆ ಇಳಿದಿರುವುದು. ಆಮೇಲೆ, ಗಾಳಿ ಶುದ್ಧವಾದಾಗ, ಒಳಗಿನದು ಕೊಂಚ ಕೊಂಚವಾಗಿ ಹೊರಬರತೊಡಗುವುದು. ಗೋಡೆ ಆಗ ಹೊಗೆಯನ್ನು ಹೀರುವ ವಸ್ತುವಲ್ಲ, ಕಕ್ಕುವ ವಸ್ತು.

ಇಲ್ಲಿ ನಮ್ಮ ಎಲೆಯಡಕೆಯ ತಟ್ಟೆಯಿಂದ ಒಂದು ಪಾಠ ಕಲಿಯುವುದಿದೆ. ಹೊಗೆಸೊಪ್ಪು ಹಾಕಿಕೊಳ್ಳುವವರು ಅದಕ್ಕೆ ಸುಣ್ಣ ತೀಡಿಕೊಳ್ಳುವುದೇಕೆ? ಎಲೆಯಲ್ಲಿರುವ ನಿಕೋಟಿನ್ ಆಮ್ಲಗಳೊಡನೆ ಕೂಡಿ ಲವಣದ ರೂಪದಲ್ಲಿರುವುದು. ಲವಣವಾಗಿರುವಾಗ ಅದು ನೀರಿನಲ್ಲಿ ಸುಲಭವಾಗಿ ಕರಗುವುದು, ಆದರೆ ಆವಿಯಾಗುವುದಿಲ್ಲ. ಕೆನ್ನೆಯ ಒಳಪೊರೆಯನ್ನು ದಾಟುವುದೂ ಕಷ್ಟ. ಸುಣ್ಣ ಪ್ರತ್ಯಾಮ್ಲ, ಅದು ಸೇರಿದೊಡನೆ ಆಮ್ಲದ ಹಿಡಿತ ತಪ್ಪಿ ನಿಕೋಟಿನ್ ಸ್ವತಂತ್ರವಾಗುವುದು, ‘ಏರು’ ಬೇಗ ಬರುವುದು. ರಸಾಯನಶಾಸ್ತ್ರದ ಹೆಸರು ತಿಳಿಯದೆ ನಮ್ಮ ಹಿರಿಯರು ಮಾಡಿಕೊಂಡ ಪ್ರಯೋಗವಿದು. ಗೋಡೆಯ ವಿಷಯದಲ್ಲಿಯೂ ಇದೇ ನಿಯಮ. ಹಳೆಯ ಹೊಗೆಯ ಮೇಲೆ ಸುಣ್ಣ ಬಳಿದರೆ ನಿಕೋಟಿನ್ ನಾಶವಾಯಿತೆಂದು ತಿಳಿಯಲು ಎಡೆಯಿಲ್ಲ; ಸುಣ್ಣ ಅದನ್ನು ಬಿಡಿಸುವ ವಸ್ತುವೇ ಹೊರತು ಕಟ್ಟಿಹಾಕುವ ವಸ್ತುವಲ್ಲ. ಗೋಡೆ ಬೆಳ್ಳಗಾಯಿತು, ಅಷ್ಟೆ. ಊದುಬತ್ತಿ, ಧೂಪಗಳ ಮಾತನ್ನು ಹೇಳುವುದೇ ಬೇಡ. ಅವು ಮೂಗನ್ನು ಮೋಸಗೊಳಿಸಿ ತಮ್ಮ ಪಾಲಿನ ಸೂಕ್ಷ್ಮಕಣಗಳನ್ನೂ ಗಾಳಿಗೆ ಸೇರಿಸುವುವು.

ಹೀಗೆ ಮೈಗಳಿಗೆ ಅಂಟಿ, ದೂಳಿನಲ್ಲಿ ಬೆರೆತು ನಿಂತ ಹೊಗೆಗೆ ಇಂಗ್ಲಿಷಿನಲ್ಲಿ ‘ಥರ್ಡ್‌ಹ್ಯಾಂಡ್ ಸ್ಮೋಕ್’ ಎಂಬ ಹೆಸರು 2009ರಿಂದೀಚೆಗೆ ಬಳಕೆಗೆ ಬಂದಿದೆ. ಸೇದುವವನದು ಮೊದಲನೆಯದು, ಪಕ್ಕದಲ್ಲಿ ಕುಳಿತವನು ಉಸಿರಾಡಿದ್ದು ಎರಡನೆಯದು, ಇಬ್ಬರೂ ಎದ್ದುಹೋದ ಮೇಲೆ ಉಳಿದದ್ದು ಮೂರನೆಯದು. ನಾವು ಇದನ್ನು ‘ಉಳಿಕೆಯ ಹೊಗೆ’ ಎಂದು ಕರೆಯೋಣ.

ಬಾಡಿಗೆ ಮನೆಗಳ ಉಳಿಕೆಯ ಹೊಗೆಯನ್ನು ನೇರವಾಗಿ ಅಳೆದು ನೋಡಿದವರು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾನ್ ಡಿಯೇಗೋ ನಗರದ ವಿಜ್ಞಾನಿಗಳು. ಅಲ್ಲಿನ ವಿಶ್ವವಿದ್ಯಾನಿಲಯದ ಗಿಯೋರ್ಗ್ ಮಾಟ್ ಮತ್ತು ಅವರ ಸಂಗಡಿಗರು ಒಂದು ಸರಳವಾದ, ಆದರೆ ತಾಳ್ಮೆ ಬೇಡುವ ಉಪಾಯ ಹೂಡಿದರು. ಮನೆ ಬಿಡಲು ಸಿದ್ಧರಾಗಿದ್ದ 100 ಮಂದಿ ಸೇದುವವರ ಮನೆಗಳನ್ನೂ 50 ಮಂದಿ ಸೇದದವರ ಮನೆಗಳನ್ನೂ ಗುರುತಿಸಿ, ಅವರು ಹೊರಡುವ ಮೊದಲೇ ಹೋಗಿ ಗಾಳಿ, ದೂಳು, ಗೋಡೆ ಬಾಗಿಲುಗಳ ಮೈ, ವಾಸವಾಗಿದ್ದವರ ಬೆರಳು ಇವುಗಳಲ್ಲಿದ್ದ ನಿಕೋಟಿನ್ನನ್ನು ಅಳೆದುಕೊಂಡರು. ಅನಂತರ ಕಾದು ಕುಳಿತರು. ಆ ಮನೆಗಳಿಗೆ ಹೊಸಬರು ಬಂದಾಗ, ಅವರು ಸೇದದವರೇ ಆಗಿದ್ದರೆ, ಅವರ ಒಪ್ಪಿಗೆ ಪಡೆದು ಮತ್ತೆ ಅಳೆದರು. ಕೊನೆಯವರೆಗೆ ಉಳಿದ ಮನೆಗಳು 41 ಮಾತ್ರ: ಹಿಂದೆ ಸೇದುವವರಿದ್ದವು 25, ಸೇದದವರಿದ್ದವು 16.

ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸೇದುವವರು ಹೋದ ಮೇಲೆ ನಿಕೋಟಿನ್ ಕಡಿಮೆಯಾಗಿದ್ದುದು ನಿಜ. ಗಾಳಿಯಲ್ಲಂತೂ ಬಹಳ ತಗ್ಗಿತ್ತು. ಆದರೆ ಮನೆ ಎರಡು ತಿಂಗಳು ಖಾಲಿಯಿದ್ದು, ತೊಳೆದು, ಹೊಸಬರಿಗಾಗಿ ಸಜ್ಜುಗೊಳಿಸಿದ ಮೇಲೂ, ದೂಳಿನಲ್ಲಿಯೂ ಮೈಗಳ ಮೇಲೂ ಅದು ಸೇದದವರ ಮನೆಗಳಿಗಿಂತ ಸ್ಪಷ್ಟವಾಗಿ ಹೆಚ್ಚಾಗಿಯೇ ಇತ್ತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೆರಳುಗಳದು. ಜೀವಮಾನದಲ್ಲಿ ಸಿಗರೇಟನ್ನು ಹಿಡಿಯದೆ ಇರಬಹುದಾದ ಹೊಸ ನಿವಾಸಿಗಳ ಬೆರಳುಗಳಲ್ಲಿ ನಿಕೋಟಿನ್ ಸಿಕ್ಕಿತು. ಮನೆಯ ದೂಳಿನಲ್ಲಿ ಎಷ್ಟು ಹೆಚ್ಚೋ ಬೆರಳಿನಲ್ಲಿಯೂ ಅದಕ್ಕೆ ತಕ್ಕಂತೆ ಹೆಚ್ಚು. ಬಾಗಿಲ ಚಿಲಕ, ಕಪಾಟಿನ ಹಿಡಿ, ನೆಲ ಇವುಗಳಿಂದ ಬೆರಳಿಗೆ, ಬೆರಳಿನಿಂದ ಬಾಯಿಗೆ. ಇದೇ ಗುಂಪಿನವರು, ಮನೆಯಲ್ಲಿಯೇ ಇದ್ದು ಸೇದುವುದನ್ನು ನಿಲ್ಲಿಸಿದವರನ್ನು ಕುರಿತು ಮುಂದೆ ಮಾಡಿ 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆರು ತಿಂಗಳಾದರೂ ಉಳಿಕೆ ಪೂರ್ತಿ ತೊಲಗಿರಲಿಲ್ಲ.

ಅಮೆರಿಕದ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ರತ್ನಗಂಬಳಿಯನ್ನು ಅಂಟಿಸಿರುವುದುಂಟು. ಅದು ಮನೆಯೊಡನೆ ಹೊಸಬರಿಗೆ ಬಳುವಳಿಯಾಗಿ ಬರುವುದು. ಗೋಡೆಗಳೂ ಜಿಪ್ಸಮ್ ಹಲಗೆಯವು. ನಮ್ಮ ಕಾವಿ ನೆಲ, ಮೊಸಾಯಿಕ್ ನೆಲಗಳು ಈ ವಿಷಯದಲ್ಲಿ ಮೇಲು, ಒರೆಸಿದರೆ ಶುಚಿಯಾಗುವುವು. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಓದಲು ಬಂದು ಪಿ.ಜಿ.ಗಳಲ್ಲಿಯೋ ಸಾಮಾನು ಸಹಿತವಾದ ಕೋಣೆಗಳಲ್ಲಿಯೋ ಇರುವ ವಿದ್ಯಾರ್ಥಿಗಳು ಗಮನಿಸಬೇಕಾದುದು ಬೇರೊಂದು. ಅಲ್ಲಿ ಹಿಂದಿನವರ ಹಾಸಿಗೆ, ದಿಂಬು, ಪರದೆಗಳೇ ಮುಂದಿನವರಿಗೆ. ಹತ್ತಿ ಮತ್ತು ಸ್ಪಂಜು ನಿಕೋಟಿನ್ನನ್ನು ಗೋಡೆಗಿಂತಲೂ ಚೆನ್ನಾಗಿ ಹಿಡಿದಿಡಬಲ್ಲವು.

ಬರಿಯ ನಿಕೋಟಿನ್ ಆಗಿದ್ದರೆ ಅಷ್ಟು ಚಿಂತಿಸಬೇಕಾಗಿರಲಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಗೋಡೆಯ ಮೇಲೆ ಕುಳಿತ ನಿಕೋಟಿನ್ ಸುಮ್ಮನಿರುವುದಿಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ರಾಷ್ಟ್ರೀಯ ಪ್ರಯೋಗಶಾಲೆಯವರು 2010ರಲ್ಲಿ ತೋರಿಸಿಕೊಟ್ಟುದು ಇದನ್ನೇ. ನೈಟ್ರಸ್ ಆಮ್ಲವೆಂಬ ಅನಿಲರೂಪದ ವಸ್ತು ಮನೆಗಳ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವುದು. ಉರಿಯುವ ಗ್ಯಾಸ್ ಒಲೆ ಅದನ್ನು ಹುಟ್ಟಿಸುವುದು, ವಾಹನಗಳ ಹೊಗೆಯೂ ಹುಟ್ಟಿಸುವುದು. ನಿಕೋಟಿನ್ ಹೀರಿದ ಸೆಲ್ಯುಲೋಸಿನ ತುಂಡೊಂದನ್ನು ಈ ಆಮ್ಲವಿದ್ದ ಗಾಳಿಯಲ್ಲಿ ಮೂರು ಗಂಟೆ ಇಟ್ಟುನೋಡಿದಾಗ, ಅದರ ಮೇಲೆ ನೈಟ್ರೊಸಮೀನುಗಳೆಂಬ ವಸ್ತುಗಳು ಮೊದಲಿಗಿಂತ ಹತ್ತರಷ್ಟು ಹೆಚ್ಚಿದ್ದುವು. ಬಹಳ ಸೇದುವವನೊಬ್ಬನ ಟ್ರಕ್ಕಿನ ಒಳಮೈಯನ್ನು ಒರೆಸಿ ಪರೀಕ್ಷಿಸಿದಾಗ ಅಲ್ಲಿಯೂ ಅವು ದೊರೆತುವು. ಈ ಗುಂಪಿನ ಎರಡು ವಸ್ತುಗಳು, ಎನ್.ಎನ್.ಕೆ. ಮತ್ತು ಎನ್.ಎನ್.ಎನ್. ಎಂದು ಹೆಸರಾದವು, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ನಿರ್ಣಯಿಸಿದೆ. ಎನ್.ಎನ್.ಎ. ಎಂಬ ಮೂರನೆಯದು ಹೊಸ ಹೊಗೆಯಲ್ಲಿ ಇರುವುದೇ ಇಲ್ಲ. ಅದು ಉಳಿಕೆಯ ಹೊಗೆಯಲ್ಲಿಯೇ ಹುಟ್ಟುವಂಥದು. ಹೊಗೆ ಹಳತಾದಂತೆ ನಿರುಪದ್ರವಿಯಾಗುವುದೆಂದು ನಾವು ತಿಳಿದಿದ್ದೆವು. ಕೆಲವು ವಸ್ತುಗಳ ಮಟ್ಟಿಗೆ ಅದು ತಲೆಕೆಳಗಾಯಿತು.

ಇದರಿಂದ ಯಾರಿಗೆ ಎಷ್ಟು ಕೇಡು? ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ಬರ್ಕಲಿಯವರೇ 2013ರಲ್ಲಿ ಉಳಿಕೆಯ ಹೊಗೆ ಮನುಷ್ಯನ ಜೀವಕೋಶಗಳ ಡಿ.ಎನ್.ಎ.ಯನ್ನು ಮುರಿಯುವುದೆಂದು ಗಾಜಿನ ಬಟ್ಟಲಿನಲ್ಲಿ ತೋರಿಸಿದರು. 2014ರಲ್ಲಿ ರಿವರ್‌ಸೈಡಿನ ವಿಶ್ವವಿದ್ಯಾನಿಲಯದವರು ಇಂತಹ ಹೊಗೆಯಂಟಿದ ವಸ್ತುಗಳ ನಡುವೆ ಬೆಳೆಸಿದ ಇಲಿಗಳ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ತೊಂದರೆ ಕಂಡರು. ಗಾಯಗಳು ಮಾಯುವುದೂ ನಿಧಾನವಾಯಿತು. ಆದರೆ ಗಾಜಿನ ಬಟ್ಟಲಲ್ಲದೆ, ಇಲಿಯಲ್ಲದೆ, ಮನೆಯೊಂದರಲ್ಲಿ ಬಾಳುವ ಮನುಷ್ಯನಿಗೆ ಇಷ್ಟು ಉಳಿಕೆಯಿಂದ ಇಷ್ಟು ರೋಗ ಎಂಬ ಕೋಷ್ಟಕ ಇನ್ನೂ ಸಿದ್ಧವಾಗಿಲ್ಲ. ಎರಡನೆಯ ಬಗೆಯ ಹೊಗೆಯ ಕಥೆಯೂ ಒಮ್ಮೆ ಹೀಗೆಯೇ ಇತ್ತು. ಜಪಾನಿನ ತಾಕೇಷಿ ಹಿರಾಯಾಮಾ ಎಂಬ ವೈದ್ಯವಿಜ್ಞಾನಿ ತಾವು ಸೇದದ 91,540 ಮಂದಿ ಗೃಹಿಣಿಯರನ್ನು ಹದಿನಾಲ್ಕು ವರ್ಷ ಅನುಸರಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಭಯ ಹೆಚ್ಚೆಂದು 1981ರಲ್ಲಿ ಪ್ರಕಟಿಸಿದಾಗ ದೊಡ್ಡ ವಾದವೇ ಎದ್ದಿತ್ತು. ಈಗ ಅದನ್ನು ಅಲ್ಲಗಳೆಯುವ ವೈದ್ಯರಿಲ್ಲ. 2006ರ ವೇಳೆಗೆ ಅಮೆರಿಕದ ಸರ್ಜನ್ ಜನರಲ್‌ ಅವರ ವರದಿ, ಅಪಾಯವಿಲ್ಲದ ಪ್ರಮಾಣವೆಂಬುದೇ ಆ ಹೊಗೆಗೆ ಇಲ್ಲವೆಂದು ಹೇಳಿತು.

ಅಪಾಯ ಎಷ್ಟೆಂಬುದು ತೀರ್ಮಾನವಾಗದಿದ್ದರೂ ಯಾರಿಗೆ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಅಂಬೆಗಾಲಿಡುವ ಮಗುವನ್ನು ನೆನೆಯಿರಿ. ದೊಡ್ಡವರಿಗೆ ನೆಲವೆಂದರೆ ಕಾಲಿಡುವ ಸ್ಥಳ; ಮಗುವಿಗೆ ಅದೇ ಆಟದ ಬಯಲು, ಊಟದ ಎಲೆ. ದೂಳಿನ ಮೇಲೆ ಕೈಯೂರುವುದು, ಆ ಕೈಯನ್ನೇ ಚೀಪುವುದು, ಪರದೆಯ ಅಂಚನ್ನು ಕಡಿಯುವುದು ಇವೇ ಅದರ ದಿನಚರಿ. ಅದರ ತೂಕ ಹತ್ತು ಕಿಲೋ ಇದ್ದರೆ ಹೆಚ್ಚು. ಒಂದೇ ಮನೆಯ ಒಂದೇ ದೂಳು ತಂದೆಗಿಂತ ಮಗುವಿನ ಮೈಗೆ ಎಷ್ಟೋ ಪಾಲು ಹೆಚ್ಚಾಗಿ ಸೇರುವುದು ಈ ಕಾರಣದಿಂದ. ಮನೆಯನ್ನು ಆರಿಸಿದವರು ತಂದೆತಾಯಿಗಳು. ಅವರಿಗೂ ಹಿಂದೆ ಅಲ್ಲಿದ್ದವರು ಯಾರೆಂದು ತಿಳಿಯದು.

ಒಂದೇ ಕಟ್ಟಡದಲ್ಲಿ ಹಲವು ಸಂಸಾರಗಳಿರುವಾಗ ಹಿಂದಿನ ಬಾಡಿಗೆದಾರನಷ್ಟೇ ಅಲ್ಲ, ಪಕ್ಕದ ಬಾಡಿಗೆದಾರನೂ ಲೆಕ್ಕಕ್ಕೆ ಬರುವನು. ಕೊಳಾಯಿ ಹಾಯ್ದ ಕಂಡಿ, ವಿದ್ಯುತ್ತಿನ ತಂತಿಯ ಕೊಳವೆ, ಬಾಗಿಲ ಕೆಳಗಿನ ಸಂದು, ಬಚ್ಚಲಿನ ಗಾಳಿಗೂಡು ಇವೆಲ್ಲ ಹೊಗೆಗೆ ಹಾದಿ. ಕೆಳಗಿನ ಬೆಚ್ಚನೆಯ ಗಾಳಿ ಹಗುರವಾಗಿ ಮೇಲೇರುವಾಗ ಮೇಲಿನ ಮಹಡಿಯವರಿಗೆ ಪಾಲು ಸಿಗುವುದು. ಮನೆಯೊಳಗೆ ಯಾರೂ ಸೇದದ ಅಮೆರಿಕದ ಮಕ್ಕಳ ರಕ್ತದಲ್ಲಿ ಕೊಟಿನೀನ್ ಎಷ್ಟಿದೆಯೆಂದು ನೋಡಿದ ಒಂದು ಸಂಶೋಧನೆ 2011ರಲ್ಲಿ ಪ್ರಕಟವಾಯಿತು. ಕೊಟಿನೀನ್ ಎಂದರೆ ದೇಹದೊಳಗೆ ನಿಕೋಟಿನ್ ಮಾರ್ಪಟ್ಟು ಆಗುವ ವಸ್ತು. ಅದಿದ್ದರೆ ನಿಕೋಟಿನ್ ಒಳಹೊಕ್ಕಿತ್ತೆಂದೇ ಅರ್ಥ. ಬಿಡಿಮನೆಗಳಲ್ಲಿದ್ದ ಮಕ್ಕಳಿಗಿಂತ ಹಲವು ಮನೆಗಳ ಕಟ್ಟಡಗಳಲ್ಲಿದ್ದ ಮಕ್ಕಳಲ್ಲಿ ಅದು ನೂರಕ್ಕೆ 45ರಷ್ಟು ಹೆಚ್ಚಾಗಿತ್ತು. ನಮ್ಮ ಹಳೆಯ ವಠಾರಗಳಿಗೆ ಒಳ್ಳೆಯ ಹಜಾರ, ತೆರೆದ ಅಂಗಳಗಳಾದರೂ ಇದ್ದುವು. ಈಗಿನ ಒತ್ತೊತ್ತಿನ ಕಟ್ಟಡಗಳಿಗೆ ಅದೂ ಇಲ್ಲ.

ಕ್ಯಾಲಿಫೋರ್ನಿಯಾದ ಬೆಲ್ಮಾಂಟ್ ಎಂಬ ಚಿಕ್ಕ ಊರು 2007ರಲ್ಲಿ ಒಂದು ಕಾನೂನು ಮಾಡಿ, ನೆಲವನ್ನೋ ಚಾವಣಿಯನ್ನೋ ಇನ್ನೊಬ್ಬರೊಡನೆ ಹಂಚಿಕೊಂಡ ಮನೆಗಳೊಳಗೆ ಸೇದುವುದನ್ನು ನಿಷೇಧಿಸಿತು. ‘ನನ್ನ ಮನೆಯೊಳಗೆ ಸರಕಾರಕ್ಕೇನು ಕೆಲಸ?’ ಎಂಬ ಕೂಗೆದ್ದಿತು. 2018ರ ಜುಲೈ ಕೊನೆಯಿಂದ ಅಮೆರಿಕದ ಎಲ್ಲ ಸರಕಾರಿ ಬಾಡಿಗೆ ವಸತಿಗಳ ಒಳಗೂ, ಕಟ್ಟಡದಿಂದ 25 ಅಡಿಗಳವರೆಗೂ ಸಿಗರೇಟು ಹಚ್ಚುವಂತಿಲ್ಲವೆಂಬ ನಿಯಮ ಬಂದಿತು. ಇದನ್ನು ಆಕ್ಷೇಪಿಸಿದವರ ಮಾತನ್ನು ನಾವು ತಳ್ಳಿಹಾಕಲಾರೆವು. ಆ ವಸತಿಗಳಲ್ಲಿರುವವರು ಬಡವರು, ಹಲವರು ವಯಸ್ಸಾದವರು. ಐವತ್ತು ವರ್ಷದ ಚಟವನ್ನು ಹೊತ್ತ ಮುದುಕನೊಬ್ಬನು ಹಿಮದಲ್ಲಿ 25 ಅಡಿ ನಡೆದುಹೋಗಬೇಕು. ಸ್ವಂತ ಮನೆಯುಳ್ಳ ಸಿರಿವಂತನಿಗೆ ಈ ಕಟ್ಟು ಇಲ್ಲ. ಚಟ ಬಿಡಲು ಔಷಧ, ಸಹಾಯಗಳನ್ನು ಒದಗಿಸದೆ ಬರಿಯ ನಿಯಮ ಹೇರುವುದು ನ್ಯಾಯವಲ್ಲವೆಂದೇ ನಮಗೂ ತೋರುವುದು. ಆದರೂ ಪಕ್ಕದ ಕೋಣೆಯ ಮಗು ಈ ವಾದದಲ್ಲಿ ಮಾತನಾಡಲಾರದು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ದೇಶದಲ್ಲಿ 2003ರ ಕಾಯಿದೆಯೂ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳೂ ಸಾರ್ವಜನಿಕ ಸ್ಥಳಗಳನ್ನು ಕುರಿತವು. ವಾಸದ ಮನೆ ಅವುಗಳ ಹೊರಗೆ. 2016–17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 38.7 ಮಂದಿ ಮನೆಯಲ್ಲಿಯೇ ಇತರರ ಹೊಗೆಗೆ ಒಳಗಾಗುವವರೆಂದು ಕಂಡುಬಂದಿತು. ಮನೆ ಕೊಡುವಾಗ ನಮ್ಮ ಯಜಮಾನರು ಮಾಂಸ ಬೇಯಿಸುವಿರಾ, ನಾಯಿ ಸಾಕುವಿರಾ, ಗೋಡೆಗೆ ಮೊಳೆ ಹೊಡೆಯುವಿರಾ ಎಂದೆಲ್ಲ ಕೇಳುವರು. ಮೊಳೆಯ ತೂತನ್ನು ಮುಚ್ಚಲು ಒಂದು ಚಿಟಿಕೆ ಸಿಮೆಂಟು ಸಾಕು. ಸಿಗರೇಟಿನ ಮಾತನ್ನು ಕರಾರುಪತ್ರದಲ್ಲಿ ಬರೆಸಿದವರನ್ನು ನಾವು ಕಂಡದ್ದು ಅಪರೂಪ.

ಸೇದುವವನು ಹೊರಗೆ ಹೋಗಿ ಸೇದಿ ಬಂದರೆ ಮನೆಗೆ ಬಹಳ ಉಪಕಾರವಾಗುವುದು; ಆದರೆ ಅವನ ಅಂಗಿ, ಕೂದಲುಗಳೊಡನೆ ಸ್ವಲ್ಪ ಒಳಗೆ ಬಂದೇ ಬರುವುದು. ಜರ್ಮನಿಯ ಸಿನಿಮಾ ಮಂದಿರವೊಂದರಲ್ಲಿ, ಒಳಗೆ ಯಾರೂ ಸೇದದಿದ್ದರೂ, ಪ್ರೇಕ್ಷಕರು ಬಂದು ಕುಳಿತೊಡನೆ ಗಾಳಿಯಲ್ಲಿ ಹೊಗೆಯ ವಸ್ತುಗಳು ಏರಿದ್ದನ್ನು ವಿಜ್ಞಾನಿಗಳು ಅಳೆದು 2020ರಲ್ಲಿ ಪ್ರಕಟಿಸಿದ್ದಾರೆ.

ಮನೆಗೆ ಹೋಗುವ ಮೊದಲು ಮಾಡಿನೋಡಬಹುದಾದ ಒಂದು ಸಣ್ಣ ಪರೀಕ್ಷೆಯುಂಟು. ಒಲೆಯ ಜಿಡ್ಡು ತಾಗದಂತೆ ಅಡಿಗೆಮನೆಯಿಂದ ದೂರದ ಕೋಣೆಯೊಂದನ್ನು ಆರಿಸಿಕೊಳ್ಳಿರಿ. ಬಣ್ಣ ಹೊಡೆಯುವವನ ಕುಂಚ ಮುಟ್ಟದ ಎಡೆಗಳು ಅಲ್ಲಿ ಕೆಲವು ಇದ್ದೇ ಇರುವುವು: ಕಪಾಟಿನ ನೆತ್ತಿ, ಫ್ಯಾನಿನ ರೆಕ್ಕೆಯ ಮೇಲ್ಮೈ, ಬಾಗಿಲ ಚೌಕಟ್ಟಿನ ಮೇಲಂಚು. ಒಣ ದೂಳನ್ನು ಮೊದಲು ಝಾಡಿಸಿ, ಬಿಳಿಯ ಬಟ್ಟೆಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿ ಒಂದು ಕಡೆ ಉಜ್ಜಿರಿ. ಬರಿಯ ದೂಳಾದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗುವುದು. ಅಂಟಂಟಾದ ಹಳದಿ ಕಂದು ಕಲೆ ಎದ್ದುಬಂದರೆ, ಹಿಂದಿನವರು ಯಾರಿದ್ದರು, ಹಾಸಿಗೆ ಪರದೆಗಳನ್ನು ಬದಲಾಯಿಸಿ ಕೊಡುವಿರಾ ಎಂದು ಯಜಮಾನರನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು.